ಎಡಗೈಯವ ಹೊಯ್ದ ದೋಸೆ

“ಇದು ಎಡಗೈಯವ ಹೊಯ್ದ ದೋಸೆ ಅಲ್ವಾ? ಯಾರು ಮಗಾ ಅವ?”

ಮುಂಬೈ ಪಕ್ಕದ ಠಾಣೆ ನಗರದಲ್ಲಿ ನನ್ನ ಮೊದಲ ಫೋಟೋ ಪ್ರದರ್ಶನ. ಒಂದೇ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದ ಹಿರಿಯರೊಬ್ಬರು ಹೀಗೆ ಕೇಳಿದಾಗ ನಗು ಬಂತು. ಚಿತ್ರದಲ್ಲಿದ್ದದ್ದು ಕಾವಲಿ, ಹಬೆ, ಆಗಷ್ಟೇ ಹೊಯ್ದ ದೋಸೆ. ಕೈಯೇ ಇರಲಿಲ್ಲ! ಇದೇ ಊರಿನ ನೌಪಾಡಾದ ಹೋಟೆಲಿನಲ್ಲಿ ಅದನ್ನು ಹೊಯ್ದವರು ನನ್ನ ಅಪ್ಪ, ಅವರದು ಬಲಗೈ ಎಂದೆ.

ಅವರು ಒಪ್ಪಲಿಲ್ಲ. ಡೊಂಬಿವಲಿಯಲ್ಲಿ ಮೂವತ್ತು ವರ್ಷ ದೋಸೆ ಹೊಯ್ದವರಂತೆ. ಹಿಟ್ಟಿನ ಮೇಲೆ ಸೌಟು ಬಿಟ್ಟ ಸುರುಳಿ ಗೆರೆಯನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದರು. “ಸೌಟು ಉಲ್ಟಾ ಸುತ್ತಿದೆ ನೋಡು. ನಮ್ಮ ಬಲಗೈ ಹೀಗೆ ತಿರುಗುದಿಲ್ಲ.”

ಆಗ ನೆನಪಾಯಿತು. ಪಕ್ಕದ ಚಿತ್ರಕ್ಕೆ ಹೊಂದಲಿ ಎಂದು ಕಂಪ್ಯೂಟರಿನಲ್ಲಿ ನಾನೇ ಅದನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಬದಲಿಸಿದ್ದೆ. ಚಿತ್ರದ ಬೆಳಕನ್ನು ಹೊಗಳಿ ಹೋದ ಯಾರಿಗೂ ಅದು ತಿಳಿದಿರಲಿಲ್ಲ.

ಬೆಳಿಗ್ಗೆ ಅಪ್ಪನೂ ಬಂದಿದ್ದರು. ಆ ಚಿತ್ರದ ಮುಂದೆ ನಿಂತು, ಬಲಗೈಯನ್ನು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿ, “ಲಾಯ್ಕುಂಟು ಮಗಾ” ಎಂದಷ್ಟೇ ಹೇಳಿ ಹೋಟೆಲಿಗೆ ಮರಳಿದ್ದರು.