ಚಪ್ಪಲಿ ಬಿಡುವುದನ್ನು ನೋಡುತ್ತಿದ್ದ ಡಾಕ್ಟರು

ಶ್ರೀಕಂಠ ಡಾಕ್ಟರು ರೋಗಿಯನ್ನು ಪರೀಕ್ಷಿಸಲು ಶುರು ಮಾಡುತ್ತಿದ್ದದ್ದು ಹೊಸ್ತಿಲಲ್ಲಿ. ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿದ್ದ ಅವರ ಕ್ಲಿನಿಕ್ಕಿನ ಒಳಕೋಣೆಗೆ ಬಾಗಿಲಿರಲಿಲ್ಲ, ಪರದೆಯಿತ್ತು. ಅದನ್ನೂ ಸದಾ ಸರಿಸಿಯೇ ಇಟ್ಟಿರುತ್ತಿದ್ದರು. ಬಂದವರು ಚಪ್ಪಲಿ ಬಿಡುವುದನ್ನು ಕುರ್ಚಿಯಿಂದಲೇ ನೋಡಬೇಕಿತ್ತು ಅವರಿಗೆ. ಬಗ್ಗುವಾಗ ಯಾರಿಗೆ ಉಸಿರು ಕಟ್ಟಿತು, ಯಾರು ಗೋಡೆ ಹಿಡಿದರು, ಯಾರು ಸಲೀಸಾಗಿ ಒದ್ದು ಕಳಚಿದರು, ಅಷ್ಟರಲ್ಲೇ ಅರ್ಧ ರೋಗ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ.

"ಇದು ವಿಜ್ಞಾನ ಅಲ್ಲ ಡಾಕ್ಟ್ರೇ, ಗಿಣಿಶಾಸ್ತ್ರ" ಎಂದಿದ್ದೆ ಒಮ್ಮೆ.

"ಗಿಣಿ ಫೀಸ್ ಜಾಸ್ತಿ ತಗೊಳ್ಳುತ್ತೆ ಲಾಯರಮ್ಮ. ನಾಲಿಗೆ ಚಾಚು."

ನಾನು ಓದಿದ್ದು ಕಾಮರ್ಸು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ಅವರು ಕೊಟ್ಟ ಪದವಿ ಅದು. ಒಂದು ಫೈನಲ್ಸಿನ ಹಿಂದಿನ ದಿನ ಗಂಟಲು ಕಟ್ಟಿ ಫೋನ್ ಮಾಡಿದೆ. ಆ್ಯಂಟಿಬಯಾಟಿಕ್ ಹೆಸರು ಹೇಳಿದರೆ ಸಾಕು, ತರಿಸಿಕೊಳ್ಳುತ್ತೇನೆ ಎಂದೆ.

"ಫೋನಲ್ಲಿ ಗಂಟಲು ಕಾಣಲ್ಲಮ್ಮ."

"ಫೋಟೋ ಕಳಿಸ್ತೀನಿ."

"ಗಂಟಲನ್ನೇ ಕಳಿಸು, ಆಟೋದಲ್ಲಿ."

ನಾನು ಸುಮ್ಮನಾಗುವವಳೇ? ರೋಗಿಯ ಸಮಯ, ಊರಿನ ಟ್ರಾಫಿಕ್ಕು, ತಂತ್ರಜ್ಞಾನ, ಎಲ್ಲವನ್ನೂ ಎತ್ತಿ ವಾದಿಸಿದೆ. ಪೂರ್ತಿ ಕೇಳಿದರು. "ವಾದ ಚೆನ್ನಾಗಿತ್ತು. ನೀನೇ ಗೆದ್ದೆ. ಈಗ ಬಾ" ಎಂದರು. ಹೋದೆ. ಆ್ಯಂಟಿಬಯಾಟಿಕ್ ಬೇಕಿಲ್ಲ ಎಂದು ಉಪ್ಪುನೀರು ಮುಕ್ಕಳಿಸಲು ಹೇಳಿ ಕಳಿಸಿದರು. ಮುಂದೆ ಇನ್ನೊಂದು ಸ್ಪರ್ಧೆಗೆ ಆನ್‌ಲೈನ್ ಔಷಧ ಮಾರಾಟದ ವಿಷಯ ಬಂದಾಗ ವಿರೋಧದ ಕಡೆ ನಿಂತು ಇದೇ ಪ್ರಸಂಗ ಹೇಳಿ ಕಪ್ ತಂದೆ. ಅದನ್ನು ಅವರ ಮೇಜಿನ ಮೇಲಿಟ್ಟರೆ ಒಳಗೊಂದು ಥರ್ಮಾಮೀಟರ್ ನಿಲ್ಲಿಸಿ, "ಕೊನೆಗೂ ಉಪಯೋಗಕ್ಕೆ ಬಂತು" ಎಂದರು.

ಯಾವ ಮಾತನ್ನೂ ಪುರಾವೆ ಇಲ್ಲದೆ ಒಪ್ಪದ ನಾನು ಪುರಾವೆ ಕೇಳದೆ ನಂಬಿದ್ದು ಅವರೊಬ್ಬರನ್ನೇ.

ಅಮ್ಮ ಅವರ ಬಳಿ ಬಿಪಿಗೆ ತೋರಿಸಿಕೊಳ್ಳುತ್ತಿದ್ದಳು. ಹೋದ ವರ್ಷ ಕ್ಲಿನಿಕ್ ಮುಚ್ಚಿದಾಗ, "ಮಂಡಿ ಕೈಕೊಟ್ಟಿದೆ ಸುಶೀಲಮ್ಮ, ಇನ್ನು ಡಾಕ್ಟ್ರಿಕೆ ಸಾಕು" ಎಂದರು. ಅಮ್ಮ ಅತ್ತಳು. ಬೇರೆ ಡಾಕ್ಟರ ಬಳಿ ಹೋಗಲು ಸುತರಾಂ ಒಪ್ಪಲಿಲ್ಲ. ಹಳೇ ಚೀಟಿ ತೋರಿಸಿ ಅದೇ ಮಾತ್ರೆ ನುಂಗುತ್ತ ಬಂದಳು. ಈಚೆಗೆ ಹಾಸಿಗೆಯಿಂದ ಎದ್ದರೆ ತಲೆ ಸುತ್ತತೊಡಗಿತ್ತು.

ಒಂದು ದಿನ ಔಷಧಿ ಅಂಗಡಿಯವನು ಚೀಟಿ ತುಂಬ ಹಳೆಯದಾಯಿತು ಎಂದು ಮಾತ್ರೆ ಕೊಡಲಿಲ್ಲ. ಬೇರೆ ದಾರಿ ಕಾಣದೆ, ಸ್ಪರ್ಧೆಯಲ್ಲಿ ಬೈದಿದ್ದ ಔಷಧಿ ಆ್ಯಪನ್ನೇ ಇಳಿಸಿಕೊಂಡೆ. ಅಲ್ಲೂ ಚೀಟಿಯ ಫೋಟೋ ತಿರಸ್ಕಾರವಾಯಿತು. ಆದರೆ ಕೆಳಗೊಂದು ಸಾಲಿತ್ತು: ಚೀಟಿ ಇಲ್ಲವೇ? ನಮ್ಮ ವೈದ್ಯರು ಕರೆ ಮಾಡುತ್ತಾರೆ. ಒತ್ತಿದೆ. ಡಾಕ್ಟರ ಬಳಿಯಾದರೆ ತೋರಿಸಿಕೊಂಡ ಮೇಲೆ ಔಷಧಿ. ಇಲ್ಲಿ ಮೊದಲು ಔಷಧಿ ಆರಿಸುವುದು, ಆಮೇಲೆ ಡಾಕ್ಟರು ಬಂದು ಹೂಂ ಅನ್ನುವುದು.

ಬಿಟಿಎಂ ಸಿಗ್ನಲ್ಲಿನಲ್ಲಿ ಬಸ್ಸಿನೊಳಗಿದ್ದಾಗ ಕರೆ ಬಂತು. "ನಮಸ್ಕಾರ. ಸುಶೀಲಾ ಅವರಾ?"

ಶ್ರೀಕಂಠ ಡಾಕ್ಟರ ದನಿಯನ್ನು ನಾನು ಎಲ್ಲಿ ಕೇಳಿದರೂ ಗುರುತಿಸುತ್ತೇನೆ. ಅಮ್ಮನ ಹೆಸರನ್ನು ಅವರು ಯಾವುದೋ ಊರಿನ ಹೆಸರಿನಂತೆ ಓದಿದ್ದರು. ಹೌದು ಎಂದೆ.

"ಇದೇ ಮಾತ್ರೆ ತಗೋತಿದ್ದೀರಾ?"

"ಹೌದು. ಎದ್ರೆ ತಲೆ ಸುತ್ತುತ್ತೆ ಡಾಕ್ಟ್ರೇ."

"ನೀರು ಜಾಸ್ತಿ ಕುಡೀರಿ. ಮೂರು ತಿಂಗಳಿಗೆ ಬರೆದಿದ್ದೀನಿ."

"ಬಿಪಿ ಎಷ್ಟಿದೆ ಅಂತ ಕೇಳಲ್ವಾ? ಡಾಕ್ಟ್ರೇ, ನಾನು ಸುಶೀಲಮ್ಮನ ಮಗಳು."

"ಈ ಲೈನ್ ರೆಕಾರ್ಡ್ ಆಗುತ್ತಮ್ಮ. ಚೀಟಿ ಬರುತ್ತೆ" ಎಂದು ಫೋನ್ ಇಟ್ಟರು.

ಸಂಜೆಗೆ ಮಾತ್ರೆಯೂ ಚೀಟಿಯೂ ಮನೆಗೆ ಬಂದವು. ಅಮ್ಮ ಕನ್ನಡಕ ಹಾಕಿಕೊಂಡು ಚೀಟಿಯಲ್ಲಿದ್ದ ಹೆಸರು ಓದಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. "ನೋಡು, ಡಾಕ್ಟ್ರು ನಮ್ಮನ್ನ ಬಿಟ್ಟಿಲ್ಲ." ನಡೆದದ್ದನ್ನೆಲ್ಲ ಹೇಳಿದೆ. "ಅವ್ರು ಹಾಗೆ ಮಾಡೋರಲ್ಲ. ನಿನಗೆ ಎಲ್ಲದರಲ್ಲೂ ವಾದ" ಎಂದಳು. ಬೇಡವೆಂದರೂ ಕೇಳದೆ ಮಾತ್ರೆ ನುಂಗಿದಳು.

ಮರುದಿನ ತ್ಯಾಗರಾಜನಗರದಲ್ಲಿದ್ದ ಅವರ ಮನೆಗೆ ಹೋದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದರು. ನನ್ನನ್ನು ಕಂಡು ತೆಗೆದಿಟ್ಟರು.

"ಬೈಯೋಕೆ ಬಂದೆಯಾ?"

"ಕಾರಣ ಕೇಳೋಕೆ."

"ಕ್ಲಿನಿಕ್ಕಲ್ಲಿ ನೋಡಿದವರೆಲ್ಲ ನಂಜೊತೆ ಮನೆಗೆ ಬರ್ತಿದ್ರು ಕಣಮ್ಮ. ಅವರಿಗೆ ಏನಾಯ್ತೋ ಅಂತ ನಿದ್ದೆ ಇರ್ತಿರಲಿಲ್ಲ. ಇಲ್ಲಿ ಹಾಗಿಲ್ಲ. ಫೋನ್ ಇಟ್ರೆ ಮುಗೀತು."

"ನಿಮಗೆ ನಿದ್ದೆ, ನಮ್ಮಮ್ಮನಿಗೆ ತಲೆಸುತ್ತು."

ನನಗೆ ಬೇಕಿದ್ದದ್ದು ಒಂದೇ ಎಂದು ಹೇಳಿದೆ. ಅಮ್ಮನಿಗೆ ಫೋನ್ ಮಾಡಿ, ನೋಡದೆ ಬರೆದೆ, ಬೇರೆ ಡಾಕ್ಟರಿಗೆ ತೋರಿಸಿ ಎಂದು ಅವರ ಬಾಯಿಂದಲೇ ಹೇಳಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ. "ಹೇಳ್ತೀನಿ, ಅಷ್ಟು ಮಾಡದೆ ಇರ್ತೀನಾ" ಎಂದರು. ನಂಬರ್ ಒತ್ತಿ, ಸ್ಪೀಕರ್ ಹಾಕಿ ಫೋನನ್ನು ಅವರ ಕೈಗೆ ಕೊಟ್ಟೆ.

"ಅಯ್ಯೋ ಡಾಕ್ಟ್ರೇ, ನೀವಾ? ಮಂಡಿ ಹೇಗಿದೆ? ನೀವು ಬರೆದ ಮಾತ್ರೆ ಬಂತು. ನೀವಿದ್ದೀರಲ್ಲ, ನನಗೇನು ಯೋಚನೆ" ಎಂದಳು ಅಮ್ಮ ಒಂದೇ ಉಸಿರಿನಲ್ಲಿ.

ಡಾಕ್ಟರ ತುಟಿ ಎರಡು ಸಲ ಅಲುಗಿತು. "ತಗೊಳ್ಳಿ ಸುಶೀಲಮ್ಮ, ಏನೂ ಆಗಲ್ಲ" ಎಂದರು. ಫೋನನ್ನು ಮೇಜಿನ ಮೇಲಿಟ್ಟು ಹೆಡ್‌ಫೋನ್ ಕೈಗೆತ್ತಿಕೊಂಡರು. ನಾನು ಹೊರಟೆ. ಮತ್ತೆ ಅವರನ್ನು ಕಂಡಿಲ್ಲ.

ಅಮ್ಮನನ್ನು ಜಯನಗರದಲ್ಲಿ ಇನ್ನೊಬ್ಬ ಡಾಕ್ಟರ ಬಳಿ ಕರೆದೊಯ್ಯಲು ವಾರವಿಡೀ ಜಗಳ ಆಡಬೇಕಾಯಿತು. ಆ ಡಾಕ್ಟರಮ್ಮ ಅಮ್ಮನನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಬಿಪಿ ತುಂಬ ಇಳಿಯುತ್ತಿದೆ, ತಲೆಸುತ್ತು ಅದಕ್ಕೇ ಎಂದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಹೊರಗೆ ಬಂದು ಆಟೋ ಹತ್ತುವ ಮೊದಲು ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಈಯಮ್ಮ ಹೇಳಿದ್ದು ಸರೀನಾ ಅಂತ ನಮ್ಮ ಡಾಕ್ಟ್ರಿಗೆ ಒಂದು ಫೋನ್ ಮಾಡಿ ಕೇಳ್ತೀಯಾ?"