ಹೇಳಿದಷ್ಟೇ ಬರೆದ ಕೈ

ನನ್ನ ಸೊಸೆ ಇಂಗ್ಲಿಷ್ ಎಂ.ಎ. ಓದುತ್ತಿರುವಾಗಲೇ ಮದುವೆಯಾಗಿ ನಮ್ಮ ಮನೆಗೆ ಬಂದಳು. ಅವಳ ಪೆಟ್ಟಿಗೆ ಇಳಿಸುವಾಗ ಮಗ ಉಸ್ಸಪ್ಪಾ ಅಂತ ಕೂತು, "ಇದರಲ್ಲಿ ಕಲ್ಲು ತುಂಬಿಕೊಂಡು ಬಂದಿದ್ದೀಯೇನೇ?" ಅಂದ. ತೆಗೆದು ನೋಡಿದರೆ ಎರಡು ದಪ್ಪ ನಿಘಂಟು, ಮೇಲೆ ನಾಲ್ಕು ಸೀರೆ.

ಅವಳ ತವರಲ್ಲಿ ಇಂಗ್ಲಿಷ್ ಆಡುವವರು ಯಾರೂ ಇರಲಿಲ್ಲ. ಅಪ್ಪ ಬಸ್ ಡಿಪೋದಲ್ಲಿ ಟೈರಿಗೆ ಪಂಚರ್ ಹಾಕುವವರು. ಹಾಗಾಗಿ ಇವಳು ಇಂಗ್ಲಿಷನ್ನು ಕಣ್ಣಿನಿಂದ ಕಲಿತಳೇ ಹೊರತು ಕಿವಿಯಿಂದಲ್ಲ. ಬರೆಯಲು ಕೂತರೆ ಪುಟಗಟ್ಟಲೆ ಬರೆಯುತ್ತಿದ್ದಳು. ಮಾತಾಡು ಅಂದರೆ ಮಾತು ಗಂಟಲಲ್ಲೇ ಕೂತುಬಿಡುತ್ತಿತ್ತು.

ನಾನು ದರ್ಜಿಯ ಅಂಗಡಿಗೆ ಅಂಗಿಗಳ ಕಾಜ ಹೊಲಿದು ಗುಂಡಿ ಹಚ್ಚಿಕೊಡುತ್ತೇನೆ. ಬೆಳಕಿಗೆಂದು ಮುಂದಿನ ಕೋಣೆಯ ಕಿಟಕಿ ಹತ್ತಿರ ಕೂರುತ್ತೇನೆ. ಅವಳ ಮಡಿಸುವ ಮೇಜೂ ಅಲ್ಲೇ. ನನಗೆ ಇಂಗ್ಲಿಷ್ ಬಾರದು, ಕನ್ನಡವೇ ಕೂಡಿಸಿ ಕೂಡಿಸಿ ಓದುವವಳು. ಆದರೂ ಅವಳು ಬರೆದು, ಹೊಡೆದುಹಾಕಿ, ನಿಘಂಟು ತೆಗೆದು, ಇನ್ನೂ ಉದ್ದದ ಪದ ಹುಡುಕುವುದನ್ನು ದಿನವೂ ನೋಡುತ್ತಿದ್ದೆ. ಒಂದು ದಿನ ಕಾಲೇಜಿನಿಂದ ಬಂದವಳು ಚೀಲ ಇಟ್ಟು, "ಅತ್ತೆ, ನಮ್ಮ ಮೇಷ್ಟ್ರು ಏನಂದ್ರು ಗೊತ್ತಾ? ಒಡವೆ ಜಾಸ್ತಿ ಆಯ್ತಮ್ಮ, ಹುಡುಗಿ ಮುಖವೇ ಕಾಣ್ತಿಲ್ಲ ಅಂದ್ರು, ನನ್ನ ಪ್ರಬಂಧ ನೋಡಿ" ಅಂದಳು. ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ನಗಲಿಲ್ಲ.

"ತವರಲ್ಲಿ ಹಾಕಿರಲಿಲ್ಲ, ಸಿಕ್ಕಿದ್ದೇ ಹೇರಿಕೊಂಡಿದ್ದೀಯ ಬಿಡು," ಅಂದೆ.

"ಅತ್ತೆ ಅನ್ನೋ ಹೆಸರು ಉಳಿಸಿಕೊಂಡ್ರಿ," ಅಂತ ಒಳಗೆ ಹೋದಳು. ಆಮೇಲೆ ಇಬ್ಬರಿಗೂ ಕಾಫಿ ತಂದಳು.

ಆ ವರ್ಷವೇ ಅವಳಿಗೆ ಮೊದಲ ಕೆಲಸ ಸಿಕ್ಕಿತು. ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್ ಒಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ಆ ಟೆಲಿಫೋನ್ ಕೋಣೆಗೆ ಮೇಲ್ವಿಚಾರಕಿ ಆಗಬೇಕಾದರೆ ಇಲಾಖೆಯ ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಬೇಕು. ಅವರು ಹೇಳುತ್ತಾ ಹೋಗುವುದು, ಇನ್ನೊಬ್ಬರು ಪಕ್ಕದಲ್ಲಿ ಕೂತು ಬರೆಯುವುದು. ಬರೆಯುವವರು ಆ ವಿಷಯ ಓದಿದವರಾಗಿರಬಾರದು ಅಂತ ನಿಯಮವಂತೆ, ಅದಕ್ಕೇ ಸಾಹಿತ್ಯದ ಹುಡುಗಿ ಬೇಕಾಯಿತು. ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಅದೇ ಕೊನೆಯ ಅವಕಾಶ.

ನಾವು ಅವರನ್ನು ಆಪರೇಟರಮ್ಮ ಅಂತಲೇ ಕರೆಯುತ್ತಿದ್ದೆವು. ನಲವತ್ತು ದಾಟಿದವರು, ಇಸ್ತ್ರಿ ಮಾಡಿದ ಸೀರೆ, ಬೆನ್ನು ನೆಟ್ಟಗೆ. ಅಭ್ಯಾಸಕ್ಕೆ ನಮ್ಮ ಮನೆಗೇ ಬರುತ್ತಿದ್ದರು. ಮೊದಲ ದಿನವೇ, "ಕಿಟಕಿ ಹತ್ರ ದಾರ ಕಚ್ಚಿ ತುಂಡು ಮಾಡ್ತಿರೋರು ಯಾರು?" ಅಂತ ಕೇಳಿದರು.

"ನಾನಮ್ಮ, ಅತ್ತೆ."

"ಹಲ್ಲು ಗಟ್ಟಿ ಇದೆ ಹಾಗಾದ್ರೆ. ಈ ಹುಡುಗಿ ಹುಷಾರಾಗಿರಬೇಕು."

ಆ ದಿನ ಒಂದು ಉತ್ತರ ಹೇಳಿ ಮುಗಿಸಿ, "ಓದು" ಅಂದರು. ಸೊಸೆ ಓದಿದಳು. ಅವರು ಮಡಿಲಲ್ಲಿ ಕೈ ಇಟ್ಟುಕೊಂಡು ಕೊನೆತನಕ ಕೇಳಿ, "ತುಂಬಾ ಚೆನ್ನಾಗಿದೆ. ಯಾರದು ಇದು?" ಅಂದರು.

"ನಿಮ್ಮದೇ ಮೇಡಂ. ಸ್ವಲ್ಪ ಇಂಗ್ಲಿಷ್ ನೇರ ಮಾಡಿದೆ ಅಷ್ಟೇ."

"ನಾನು ಸೊಟ್ಟಗೆ ಹೇಳಿದ್ರೆ ಸೊಟ್ಟಗೇ ಬರಿ."

ಸೊಸೆಯ ಮುಖ ಕೆಂಪಾಯಿತು. ಆಪರೇಟರಮ್ಮ ದನಿ ಏರಿಸಲಿಲ್ಲ. ಹಿಂದಿನ ಸಲ ಬರೆದ ಮಹಾತಾಯಿ ಕನಿಕರಪಟ್ಟು ಇವರು ಹೇಳದ್ದನ್ನೆಲ್ಲ ಸೇರಿಸಿ ಬರೆದಳಂತೆ. ಅಂಕ ಬಂತು, ಸಂದರ್ಶನಕ್ಕೆ ಕರೆದರು. ಅಲ್ಲಿ, "ಇಷ್ಟು ಚೆನ್ನಾಗಿ ಬರೆದಿದ್ದೀರಿ, ಇದನ್ನು ಸ್ವಲ್ಪ ಬಿಡಿಸಿ ಹೇಳಿ" ಅಂದರಂತೆ. "ನಾನು ಬರೆಸಿದ್ದೇ ಅಲ್ಲ, ಏನು ಹೇಳಲಿ? ಬಾಯಿ ಕಟ್ಟಿಹೋಯ್ತು. ಕುರುಡಿ ಮೋಸ ಮಾಡಿದ್ದಾಳೆ ಅಂದುಕೊಂಡರೇನೋ. ನನ್ನ ದಡ್ಡತನ ಇದ್ರೆ ಅದೂ ನಂದೇ ಇರಲಿ. ಆಗುತ್ತೆ ಅಂದ್ರೆ ಬರಿ, ಇಲ್ಲಾಂದ್ರೆ ಈಗಲೇ ಹೇಳಿಬಿಡು, ಬೇರೆಯವರನ್ನ ನೋಡ್ಕೋತೀನಿ."

"ಆಗುತ್ತೆ ಮೇಡಂ," ಅಂದಳು ಸೊಸೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಕೈ ತಾನಾಗಿಯೇ ಉದ್ದದ ಪದಕ್ಕೆ ಓಡುತ್ತಿತ್ತಂತೆ. "ಅತ್ತೆ, ಚಿಕ್ಕ ಮಾತು ಚಿಕ್ಕದಾಗೇ ಬರೆಯೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ," ಅನ್ನುತ್ತಿದ್ದಳು. ಬರೆಯುವುದಷ್ಟೇ ಅಲ್ಲ, ಓದುವುದೂ ಹೊಸದಾಗಿ ಕಲಿಯಬೇಕಾಯಿತು. ತಪ್ಪು ಬಂದ ಕಡೆ ದನಿ ತಡವರಿಸಬಾರದು, ಒತ್ತಿ ಹೇಳಬಾರದು, ಕೆಮ್ಮುವ ಹಾಗೂ ಇಲ್ಲ. ತಡವರಿಸಿದರೆ ಆಪರೇಟರಮ್ಮ ತಟ್ಟನೆ, "ಸುಳಿವು ಕೊಡ್ತಿದ್ದೀಯ" ಅನ್ನುತ್ತಿದ್ದರು. ದಿನವಿಡೀ ದನಿ ಕೇಳಿಯೇ ಬದುಕಿದ ಕಿವಿ ಅದು. ಒಂದು ಲಾಭವೂ ಆಯಿತು: ಜೋರಾಗಿ ಓದಿ ಓದಿ, ಗಂಟಲಲ್ಲಿ ಕೂತಿದ್ದ ಇಂಗ್ಲಿಷ್ ಹೊರಗೆ ಬಂತು.

ಪರೀಕ್ಷೆಯ ದಿನ ಸಂಜೆ ಸೊಸೆ ಬಂದವಳೇ ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತಳು.

"ಏನಾಯ್ತೇ?"

"ಆಸ್ಪತ್ರೆಯಲ್ಲಿ ಬೆಂಕಿ ಬಿದ್ರೆ ಮೊದಲು ಯಾರಿಗೆ ಫೋನ್ ಮಾಡಬೇಕು ಅಂತ ಪ್ರಶ್ನೆ ಬಂತು. ಇಲ್ಲಿ ಎಷ್ಟು ಸಲ ಹೇಳಿದ್ರು ನೀವೇ ಕೇಳಿದ್ದೀರಿ. ಮೊದಲು ಅಗ್ನಿಶಾಮಕ ಠಾಣೆ, ಆಮೇಲೆ ವಾರ್ಡುಗಳು. ಇವತ್ತು ಗಾಬರಿಯಲ್ಲಿ ಹಿಂದುಮುಂದು ಹೇಳಿದ್ರು ಅತ್ತೆ. ಓದು ಅಂದ್ರು, ಓದಿದೆ. ಅವರಿಗೆ ತಪ್ಪು ಗೊತ್ತಾಗಲಿಲ್ಲ. ಮುಂದೆ ಅಂದ್ರು."

"ನೀನು?"

"ಹೇಳಿದ ಹಾಗೇ ಬರೆದೆ. ಪರೀಕ್ಷೆ ನೋಡ್ಕೊಳ್ಳೋಕೆ ಕೂತಿದ್ದವರು ಅಷ್ಟು ದೂರ ಇದ್ರು. ಎರಡು ಪದ ಅದಲುಬದಲು ಮಾಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಕೆಲಸ ತಪ್ಪಿದ್ರೆ ನನ್ನಿಂದಲೇ ತಪ್ಪಿತು."

ಬಿಸಿನೀರು ಕಾಯಿಸಿಕೊಟ್ಟೆ. ಸ್ನಾನ ಮಾಡಿ, ಊಟ ಬಿಟ್ಟು ಮಲಗಿದಳು.

ಭಾನುವಾರ ಆಪರೇಟರಮ್ಮ ತಾವೇ ಬಂದರು. ಕುರ್ಚಿಯಲ್ಲಿ ಕೂರದೆ ನಿಂತೇ ಕೇಳಿದರು. "ಬೆಂಕಿ ಉತ್ತರ. ಬಸ್ಸಲ್ಲಿ ಹೋಗ್ತಾ ಹೊಳೀತು ನನಗೆ. ಏನು ಬರೆದೆ?"

"ನೀವು ಹೇಳಿದ್ದೇ," ಅಂದಳು ಸೊಸೆ. ಆಮೇಲೆ ಸಣ್ಣ ದನಿಯಲ್ಲಿ, "ಮೇಡಂ, ನಿಮ್ಮ ಕೊನೇ ಅವಕಾಶ..." ಅಂದಳು.

ಅವರು ತಡವಿ ಕುರ್ಚಿ ಹಿಡಿದು ಕೂತರು. ಉಸಿರು ಬಿಟ್ಟರು. "ತಿದ್ದಿರ್ತೀಯೇನೋ ಅಂತ ಮೂರು ದಿನ ನಿದ್ದೆ ಇಲ್ಲ ಕಣೇ. ತಿದ್ದಿದ್ರೆ ಚೆನ್ನಾಗಿತ್ತು ಅಂತ ಒಂದು ಮನಸ್ಸು ಹೇಳ್ತಿತ್ತು, ಸುಳ್ಳಾಡಲ್ಲ. ಸರಿ, ಅಮ್ಮಾ, ಒಂದು ಲೋಟ ನೀರು ಕೊಡಿ."

ಆ ಸಲವೂ ಸಂದರ್ಶನಕ್ಕೆ ಕರೆ ಬಂತು. ಅಂಕ ದಂಡಿಯಾಗಿ ಬಂದಿರಲಿಲ್ಲ, ದಾಟುವಷ್ಟು ಬಂದಿತ್ತು. ಅಲ್ಲಿನ ಹಿರಿಯ ಅಧಿಕಾರಿ ಉತ್ತರಪತ್ರಿಕೆ ತಿರುವಿ ನೇರ ಬೆಂಕಿಗೇ ಕೈ ಇಟ್ಟರಂತೆ. "ಇದೇನಮ್ಮ, ಹೀಗೆ ಬರೆಸಿದ್ದೀರಿ?"

"ಗಾಬರಿಯಲ್ಲಿ ತಪ್ಪು ಹೇಳಿದೆ ಸರ್. ಮನೆಗೆ ಹೋಗೋ ದಾರೀಲೇ ತಿಳೀತು," ಅಂದು ಸರಿಯಾದದ್ದನ್ನು ಹೇಳಿದರಂತೆ. ಅಷ್ಟಕ್ಕೇ ಬಿಡದೆ ಆ ಅಧಿಕಾರಿ ಪುಟ ಪುಟವಾಗಿ ಕೇಳುತ್ತಾ ಹೋದರು. ಪ್ರತಿ ಸಾಲೂ ಇವರದೇ ಆದದ್ದರಿಂದ ಒಂದಕ್ಕೂ ಬಾಯಿ ಕಟ್ಟಲಿಲ್ಲ. ಮೇಲ್ವಿಚಾರಕಿ ಆದರು. ಈಗಲೂ ಅದೇ ಕುರ್ಚಿಯಲ್ಲಿದ್ದಾರೆ.

ಸೊಸೆ ಎಂ.ಎ. ಮುಗಿಸಿದಳು. ಮೇಷ್ಟ್ರು ಮತ್ತೆ ಒಡವೆಯ ಮಾತೆತ್ತಲಿಲ್ಲವಂತೆ. ಈಗ ಕಣ್ಣು ಕಾಣದ ಮಕ್ಕಳ ಪಾಠದ ಪುಸ್ತಕಗಳನ್ನು ಓದಿ ಧ್ವನಿಮುದ್ರಣ ಮಾಡುವ ಕೆಲಸದಲ್ಲಿದ್ದಾಳೆ. ಆ ಕೆಲಸಕ್ಕೆ ಅವಳ ಹೆಸರು ಹೇಳಿದ್ದು ಆಪರೇಟರಮ್ಮನೇ. ಅವರಿಗೆ ಬ್ಯಾಂಕಿನ ಕಾಗದ ಬರಲಿ, ರಕ್ತಪರೀಕ್ಷೆಯ ವರದಿ ಬರಲಿ, ಒಡಹುಟ್ಟಿದ ತಮ್ಮನೇ ಮನೆಯಲ್ಲಿದ್ದರೂ ಅವನ ಕೈಗೆ ಕೊಡುವುದಿಲ್ಲ. "ಅವನು ಒಳ್ಳೆಯವನು, ಕೆಟ್ಟದ್ದಿದ್ರೆ ನುಂಗಿಬಿಡ್ತಾನೆ," ಅಂತ ಕವರು ಒಡೆಯದೆ ನಮ್ಮ ಮನೆಗೆ ತರುತ್ತಾರೆ. ನನ್ನ ಸೊಸೆ ಇದ್ದದ್ದನ್ನು ಇದ್ದ ಹಾಗೇ ಓದುತ್ತಾಳೆ. ನಾನು ಕಾಜ ಹೊಲಿಯುತ್ತಾ ಕೇಳಿಸಿಕೊಳ್ಳುತ್ತೇನೆ, ಇಂಥವರಿಬ್ಬರು ನನ್ನ ಮನೆಯ ಹೊಸ್ತಿಲು ತುಳಿದರಲ್ಲ ಅಂತ ಮನಸ್ಸು ತುಂಬುತ್ತದೆ.