ಜಿಪ್ಪು ಎಳೀರಿ, ಜಿಪ್ಪು!

ಅಮೆರಿಕದ ಮಿನ್ನೆಸೋಟದ ಸರೋವರದ ದಂಡೆಯಲ್ಲಿ, ಕಾರಿನ ಹಿಂದೆ ಎಳೆದು ತಂದ ಟ್ರೇಲರ್ ಮನೆಯನ್ನು ನಿಲ್ಲಿಸಿದ ಕೂಡಲೇ ಹಾರ್ಲನ್ ಮಾಡುವ ಮೊದಲ ಕೆಲಸವೆಂದರೆ ಅದರ ಮಗ್ಗುಲಿಗೆ ಜಿಪ್ಪಿನ ಬಾಗಿಲಿರುವ ಸೊಳ್ಳೆಪರದೆಯ ಕೋಣೆ ಎಬ್ಬಿಸುವುದು. ಇರುವವರು ಗಂಡಹೆಂಡತಿ ಇಬ್ಬರೇ. ಒಂದೊಂದು ಬಲೆಯನ್ನೂ ಕಣ್ಣಿಗೆ ಹಿಡಿದು ನೋಡಿ, ಅಂಗಡಿಯವನ ತಲೆ ತಿಂದು ಆರಿಸಿದ ಕೋಣೆ ಮಾತ್ರ ಮದುವೆ ಚಪ್ಪರದಷ್ಟು ದೊಡ್ಡದು. ಗೂಟ ಹೊಡೆದು, ಹಗ್ಗ ಬಿಗಿದು, ಒಳಗೆ ಸುತ್ತಲೂ ಕುರ್ಚಿ ಹಾಕುತ್ತಾನೆ. "ಇಷ್ಟೊಂದು ಕುರ್ಚಿ ಯಾರಿಗ್ರೀ?" ಎಂದು ಹೆಂಡತಿ ಡೆಲೋರಿಸ್ ಕೇಳಿದರೆ ಇನ್ನೊಂದು ಕುರ್ಚಿ ಬಿಡಿಸಿ ಹಾಕುತ್ತಾನೆ. ಅಕ್ಕಪಕ್ಕದ ಟ್ರೇಲರಿನವರನ್ನು ಕರೆಯಲು ಅವನಿಗೆ ಬಾಯಿ ಬಾರದು. ಆ ಕೆಲಸ ಸೊಳ್ಳೆಗಳದು. ಸಂಜೆ ಅವು ಎದ್ದವೆಂದರೆ ಎಲ್ಲರೂ ಮೈ ಬಡಿದುಕೊಳ್ಳುತ್ತ ಇಲ್ಲಿಗೇ ಓಡಿಬರುತ್ತಾರೆ. "ಬೇಗ, ಬೇಗ! ಜಿಪ್ಪು ಎಳೀರಿ, ಜಿಪ್ಪು!" ಎಂದು ಗದರುವಾಗ ಅವನ ಮುಖದಲ್ಲಿ ಹಬ್ಬದ ಕಳೆ. ನಿನ್ನೆ ಮಾತ್ರ ಜೋರು ಗಾಳಿ, ಒಂದು ಸೊಳ್ಳೆಯೂ ಇರಲಿಲ್ಲ. ಎಲ್ಲರೂ ತಂತಮ್ಮ ಟ್ರೇಲರಿನ ಹೊರಗೆ ಹಾಕಿದ ಬೆಂಕಿಯ ಮುಂದೆ. ಹಾರ್ಲನ್ ಖಾಲಿ ಕುರ್ಚಿಗಳ ನಡುವೆ. ಆಗ ಪಕ್ಕದ ಟ್ರೇಲರಿನ ಮುದುಕಿ ವರ್ನಾ ಒಂದು ಕೈಯಲ್ಲಿ ಬ್ಲೂಬೆರಿ ಹಣ್ಣು ತುಂಬಿ ಸುಟ್ಟ ಪೈ ಹಿಡಿದು, ಇನ್ನೊಂದರಿಂದ ಕುತ್ತಿಗೆಗೆ ಪಟಪಟ ಹೊಡೆದುಕೊಳ್ಳುತ್ತ ಬಂದಳು. "ಅಯ್ಯಯ್ಯೋ, ಏನು ಸೊಳ್ಳೆ ಮಾರಾಯಾ!" ಅವಳ ಹಿಂದೆ ಉಳಿದವರೂ ಸುಮ್ಮಸುಮ್ಮನೆ ಮೈ ಬಡಿದುಕೊಳ್ಳುತ್ತ ನುಗ್ಗಿದರು. "ಬೇಗ, ಬೇಗ!" ಎಂದು ಗದರಿದ ಹಾರ್ಲನ್, ಜಿಪ್ಪು ಎಳೆಯುವುದನ್ನೇ ಮರೆತ.